ಕೆಟ್ಟ ಪದ್ಯಕ್ಕೂ ಒಳ್ಳೆಯ ಕಿವಿ ಬೇಕು

ಕನ್ನಡದಲ್ಲಿ ನಮಗೆ ಉಳಿದು ಬಂದಿರುವ ಮೊದಲ ಗ್ರಂಥ ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’. ಅದರ ಮೊದಲ ಪರಿಚ್ಛೇದದ ಹೆಸರು ‘ದೋಷಾದೋಷಾನುವರ್ಣನ ನಿರ್ಣಯ’. ಅಂದರೆ ನಮ್ಮ ಕಾವ್ಯಚರ್ಚೆ ಶುರುವಾದದ್ದೇ ಪದ್ಯ ಎಲ್ಲಿ ಕೆಡುತ್ತದೆ ಎಂಬ ವಿಚಾರದಿಂದ. ಆದರೆ ಕೆಟ್ಟ ಪದ್ಯಗಳಲ್ಲಿ ಕೆಲವು ಮಾತ್ರ ಜನರ ಬಾಯಲ್ಲಿ ಉಳಿದು, ವರ್ಷಗಳ ಮೇಲೂ ನಗಿಸುತ್ತವೆ. ಏಕೆ? ಈ ಪ್ರಶ್ನೆಯನ್ನು ಹಿಡಿದುಕೊಂಡು ಹೋಗಲು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಷ್ಟು ತಕ್ಕ ಸೀಮೆ ಬೇರೆ ಇಲ್ಲ ಎಂಬುದು ನನ್ನ ನಂಬಿಕೆ.

ಈ ಸೀಮೆಯಲ್ಲಿ ಪದ್ಯ ಪುಸ್ತಕದೊಳಗೆ ಮಾತ್ರ ಇರುವುದಿಲ್ಲ. ಶಾಲೆಯ ವಾರ್ಷಿಕೋತ್ಸವ, ದೇವಸ್ಥಾನದ ಜೀರ್ಣೋದ್ಧಾರ, ನಿವೃತ್ತರ ಬೀಳ್ಕೊಡುಗೆ, ಮದುವೆಯ ಮಂಟಪ, ಕೊನೆಗೆ ಉತ್ತರಕ್ರಿಯೆಯ ನುಡಿನಮನ, ಎಲ್ಲ ಕಡೆಯೂ ಒಬ್ಬರು ಬರೆದು ತಂದಿರುತ್ತಾರೆ. ಸನ್ಮಾನಪತ್ರಕ್ಕೆ ಪ್ರಾಸ ಇಲ್ಲದಿದ್ದರೆ ಸನ್ಮಾನವೇ ಅರ್ಧ ಆದಂತೆ. ಆ ಜಾತಿಯ ಪದ್ಯದ ಗುಣ ತಿಳಿಯಲೆಂದು ನಾನೇ ಕಟ್ಟಿದ ಒಂದು ಮಾದರಿ ಇಲ್ಲಿದೆ:

ಊರಿಗೆ ಸೇತುವೆ ತಂದ ಧೀಮಂತ
ಯಾರಿಗೂ ಸಕ್ಕರೆ ಕಾಯಿಲೆ ಇಲ್ಲದ ಕುಟುಂಬವಂತ

ಇಲ್ಲಿ ಕವಿ ಶಾಸ್ತ್ರ ಬಿಟ್ಟವನಲ್ಲ. ‘ಊರಿ’, ‘ಯಾರಿ’ ಎಂದು ಎರಡನೆಯ ಅಕ್ಷರದ ಪ್ರಾಸ, ಅಂದರೆ ಆದಿಪ್ರಾಸ, ಕೂಡಿದೆ, ‘ಮಂತ’, ‘ವಂತ’ ಎಂದು ಅಂತ್ಯಪ್ರಾಸವೂ ಕೂಡಿದೆ. ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸವನ್ನು ಕೈಬಿಟ್ಟದ್ದು 1911ರಲ್ಲಿ. ನಮ್ಮ ಸನ್ಮಾನಕವಿ ಇನ್ನೂ ಬಿಟ್ಟಿಲ್ಲ. ಪ್ರಾಸಕ್ಕೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಅವನು ಇಡೀ ಮನೆಯವರ ಆರೋಗ್ಯ ತಪಾಸಣೆ ಮಾಡಬೇಕಾಯಿತು, ನಿಘಂಟಿನಲ್ಲಿಲ್ಲದ ‘ಕುಟುಂಬವಂತ’ನನ್ನು ಹುಟ್ಟಿಸಬೇಕಾಯಿತು. ಮೊದಲ ಸಾಲಿಗೆ 16 ಮಾತ್ರೆ, ಎರಡನೆಯದಕ್ಕೆ 24. ಓದುವವರು ಉಸಿರು ಸಾಲದೆ ‘ಕುಟುಂಬ’ದ ಹತ್ತಿರ ತಡವರಿಸುತ್ತಾರೆ. ಸೇತುವೆಯ ಎತ್ತರದಿಂದ ಸಕ್ಕರೆ ಕಾಯಿಲೆಗೆ ಇಳಿದ ಅರ್ಥದ ಕುಸಿತವೂ, ಎಂಟು ಮಾತ್ರೆಯ ಲಯದ ಕುಸಿತವೂ ಒಂದೇ ಕ್ಷಣದಲ್ಲಿ ಆಗುತ್ತವೆ. ನಗು ಹುಟ್ಟುವುದು ಅಲ್ಲಿ.

ಹಾಗಾದರೆ ನಗಬೇಕಾದವನಿಗೆ ಏನು ಬೇಕು? ಲಯ ತಪ್ಪಿದ್ದು ತಿಳಿಯುವ ಕಿವಿ. ಈ ಮೂರು ತಾಲೂಕುಗಳಿಗೆ ಆ ಕಿವಿಯನ್ನು ಕೊಟ್ಟದ್ದು ಯಕ್ಷಗಾನ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸೌಕೂರು ಮೇಳಗಳ ಆಟ ನೋಡುತ್ತ ಬೆಳೆದವರಿಗೆ ಏಕತಾಳ, ರೂಪಕ, ಝಂಪೆಗಳು ಹೆಸರು ಗೊತ್ತಿಲ್ಲದೆಯೂ ಮೈಗೆ ಹತ್ತಿರುತ್ತವೆ. ಭಾಗವತರು ಪದ ಎತ್ತಿದಾಗ ಒಂದು ಅಕ್ಷರ ಹೆಚ್ಚಾದರೆ ಅವರಿಗೆ ತಿಳಿಯುತ್ತದೆ. ಡೇರೆ ಮೇಳಗಳಿಗಾಗಿ ಬರೆದ ಹೊಸ ಪ್ರಸಂಗಗಳ ಪದ್ಯಗಳ ಬಗ್ಗೆ ಇಲ್ಲಿ ತಕರಾರು ಎದ್ದದ್ದು ಈ ತಿಳಿವಳಿಕೆಯಿಂದಲೇ. ಗುಂಡ್ಮಿ ಕಾಳಿಂಗ ನಾವಡರಂಥ ಭಾಗವತರ ಕಂಠದಲ್ಲಿ ಬಡ ಸಾಲೂ ನಿಂತು ಬಿಡುತ್ತಿತ್ತು. ಅದೇ ಸಾಲನ್ನು ಮರುದಿನ ಪುಸ್ತಕದಲ್ಲಿ ಓದಿದರೆ ಬಡತನ ಕಾಣುತ್ತದೆ. ಇಲ್ಲಿನ ಯಕ್ಷಗಾನ ಶೈಲಿಯಾದ ಬಡಗುತಿಟ್ಟಿನ ಹಾಸ್ಯಗಾರನಿಗೂ ಕಿವಿಯ ಈ ಗುಟ್ಟು ಗೊತ್ತು. ಬೇಕೆಂದೇ ಪದವನ್ನು ಮುರಿದು, ತಪ್ಪು ಜಾಗದಲ್ಲಿ ನಿಲ್ಲಿಸಿ ಅವನು ಸಭೆಯನ್ನು ನಗಿಸುತ್ತಾನೆ. ಸರಿಯಾದ ಪದ ಸಭೆಗೆ ಮೊದಲೇ ಗೊತ್ತಿರುವುದರಿಂದ ಆ ನಗು ಸಾಧ್ಯ.

ತಿಳಿದು ಕೆಡಿಸುವ ಈ ಕಲೆಯನ್ನು ಬರಹಕ್ಕೆ ತಂದ ಪರಂಪರೆಯೂ ನಮ್ಮಲ್ಲಿದೆ. ರಾಶಿಯವರು 1942ರಲ್ಲಿ ಆರಂಭಿಸಿದ ಹಾಸ್ಯಪತ್ರಿಕೆ ‘ಕೊರವಂಜಿ’ ಅಣಕು ಬರಹಕ್ಕೆ ಮನೆಯಾಗಿತ್ತು. ಕುಂದಾಪುರ ತಾಲೂಕಿನ ಹಟ್ಟಿಕುದ್ರುವಿನಲ್ಲಿ ಹುಟ್ಟಿ ಬ್ಯಾಂಕಿನಲ್ಲಿ ದುಡಿದ ಎಚ್. ಡುಂಡಿರಾಜ್ ಅವರು ಹನಿಗವನವನ್ನು ಮನೆಮಾತು ಮಾಡಿದರು. ಸನ್ಮಾನಕವಿಯನ್ನು ಪ್ರಾಸ ಎಳೆದುಕೊಂಡು ಹೋದರೆ, ಡುಂಡಿರಾಜರು ಪ್ರಾಸವನ್ನು ಎಳೆದು ತಮಗೆ ಬೇಕಾದಲ್ಲಿ ಕೂರಿಸುತ್ತಾರೆ. ಅತಿಯಾದ ಪ್ರಾಸ, ಒಂದೇ ಶಬ್ದದ ಎರಡರ್ಥ ಇವೆಲ್ಲ ಗಂಭೀರ ಕವಿತೆಯಲ್ಲಿ ದೋಷ. ಅವರ ಕೈಯಲ್ಲಿ ಅವೇ ಬಂಡವಾಳ. ಆದರೆ ಅವರನ್ನು ಅನುಕರಿಸುವವರಲ್ಲಿ ಹೆಚ್ಚಿನವರು ಶ್ಲೇಷೆಯನ್ನಷ್ಟೇ ಕಲಿತರು, ಅಳತೆಯನ್ನು ಕಲಿಯಲಿಲ್ಲ. ಅವರು ಬರೆದ ಹನಿಗಳಲ್ಲಿ ಸನ್ಮಾನಕವಿಯ ಮುಗ್ಧತೆಯೂ ಇಲ್ಲ, ಡುಂಡಿರಾಜರ ಹದವೂ ಇಲ್ಲ.

ಇದಕ್ಕಿಂತ ಸೋಜಿಗದ ಸಂಗತಿ ಬೈಂದೂರು ಕಡೆಯದು. ಅಲ್ಲಿನ ಮೊಗೇರಿಯವರು ಗೋಪಾಲಕೃಷ್ಣ ಅಡಿಗರು. 1954ರ ‘ಚಂಡೆ ಮದ್ದಳೆ’, 1959ರ ‘ಭೂಮಿಗೀತ’ದ ಮೂಲಕ ಕನ್ನಡ ಕಾವ್ಯವನ್ನು ಹಳೆಯ ಇಂಪಿನಿಂದ ಬಿಡಿಸಿದರು. ಸಂಕಲನದ ಹೆಸರಿನಲ್ಲೇ ಚಂಡೆ ಮದ್ದಳೆ ಇಟ್ಟ ಅವರಿಗೆ ಲಯದ ಮೇಲೆ ಪೂರ್ಣ ಹಿಡಿತವಿತ್ತು. ಅವರ ಹಿಂದೆ ಹೊರಟ ಅನೇಕರಿಗೆ ಅದಿರಲಿಲ್ಲ. ನವ್ಯ ಕಾವ್ಯದ ಹೆಸರಿನಲ್ಲಿ ಮುಕ್ತಛಂದದ ಕೆಟ್ಟ ಪದ್ಯ ಬೇಕಾದಷ್ಟು ಬಂತು, ಆದರೆ ಅದರಲ್ಲಿ ಒಂದೂ ಯಾರನ್ನೂ ನಗಿಸಲಿಲ್ಲ. ಕಾರಣ ಸ್ಪಷ್ಟ. ನಿಯಮ ಇರುವಲ್ಲಿ ತಪ್ಪು ಕಣ್ಣಿಗೆ ಹೊಡೆಯುತ್ತದೆ. ನಿಯಮವೇ ಇಲ್ಲದಲ್ಲಿ ತಪ್ಪು ಗೂಢಾರ್ಥದ ಮರೆಯಲ್ಲಿ ಅಡಗಿ ಕೂರುತ್ತದೆ, ಓದುಗ ತನಗೇ ಅರ್ಥವಾಗಲಿಲ್ಲವೇನೋ ಎಂದು ಸುಮ್ಮನಾಗುತ್ತಾನೆ. ಕೆಟ್ಟ ಛಂದೋಬದ್ಧ ಪದ್ಯ ಕೇಳುಗನಿಗೆ ಸಂತೋಷ ಕೊಟ್ಟಾದರೂ ಹೋಗುತ್ತದೆ, ಕೆಟ್ಟ ಮುಕ್ತಛಂದ ಅವನ ಆತ್ಮವಿಶ್ವಾಸವನ್ನೇ ಕಸಿಯುತ್ತದೆ.

ಹೊರಗಿನ ನಿದರ್ಶನವೂ ಇದನ್ನೇ ಹೇಳುತ್ತದೆ. ಸ್ಕಾಟ್ಲೆಂಡಿನ ಡಂಡೀ ನಗರದ ನೇಕಾರ ವಿಲಿಯಂ ಮೆಕ್‌ಗೊನಗಲ್, 1879ರ ಡಿಸೆಂಬರಿನಲ್ಲಿ ಟೇ ನದಿಯ ರೈಲು ಸೇತುವೆ ಕುಸಿದ ದುರಂತದ ಮೇಲೆ ಪದ್ಯ ಬರೆದ. ಶೋಕಗೀತೆ ಪ್ರಾಸದ ಕಾಟಕ್ಕೆ ಸಿಕ್ಕಿ ನಗೆಪಾಟಲಾಯಿತು. 1902ರಲ್ಲಿ ಅವನು ತೀರಿಕೊಂಡ. ಅವನ ಪದ್ಯಗಳು ಇಂದಿಗೂ ಅಚ್ಚಾಗುತ್ತಿವೆ. ಅವನ ಕಾಲದ ಎಷ್ಟೋ ನಿರ್ದೋಷ ಕವಿಗಳನ್ನು ಯಾರೂ ಓದುವುದಿಲ್ಲ. ಅವನ ಸಾಲುಗಳನ್ನು ಉಳಿಸಿದ್ದು ಅವನ ಶ್ರದ್ಧೆ. ನಗಿಸಬೇಕೆಂದು ಅವನು ಬರೆಯಲಿಲ್ಲ, ಸತ್ತವರಿಗಾಗಿ ನಿಜವಾಗಿ ಮರುಗಿದ್ದ. ಮರುಕ ದೊಡ್ಡದಿದ್ದು ಕಸುಬು ಸಣ್ಣದಾದಾಗ ಮಾತ್ರ ಇಂಥ ಪದ್ಯ ಹುಟ್ಟುತ್ತದೆ.

ನಮ್ಮ ಸನ್ಮಾನಕವಿಯ ಬಲವೂ ಇದೇ. ಅವನಿಗೆ ಹೆಸರು ಬೇಕಿಲ್ಲ, ಊರಿನ ಹಿರಿಯರೊಬ್ಬರಿಗೆ ನಾಲ್ಕು ಒಳ್ಳೆಯ ಮಾತು ಸಲ್ಲಬೇಕು, ಅಷ್ಟೇ. ಹೀಗಾಗಿ ಅವನ ಪದ್ಯಕ್ಕೆ ಬರುವ ನಗುವಿನಲ್ಲಿ ತಾತ್ಸಾರ ಇರಕೂಡದು. ಹಾಗೆಂದು ಎಲ್ಲವನ್ನೂ ‘ಅದ್ಭುತ ಕಾವ್ಯ’ ಎಂದು ಚಪ್ಪಾಳೆ ತಟ್ಟುವುದೂ ಸಲ್ಲದು. ಕವಿಗೋಷ್ಠಿಗಳಲ್ಲಿ ಇಂದು ನಡೆಯುತ್ತಿರುವುದು ಈ ಎರಡನೆಯದು. ಅದು ಕೆಟ್ಟ ಕವಿಯನ್ನೂ ತಿದ್ದುವುದಿಲ್ಲ, ಒಳ್ಳೆಯ ಕವಿಗೂ ನ್ಯಾಯ ಕೊಡುವುದಿಲ್ಲ.

ನನ್ನ ತೀರ್ಮಾನ ಇಷ್ಟು: ಕೆಟ್ಟ ಪದ್ಯಕ್ಕೆ ಮನಸಾರೆ ನಗಬಲ್ಲ ಊರು ಒಳ್ಳೆಯ ಪದ್ಯವನ್ನು ಗುರುತಿಸಬಲ್ಲ ಊರು. ಆ ನಗು ನಿಂತರೆ, ಕಿವಿ ಹೋಯಿತೆಂದೇ ಅರ್ಥ. ಆದ್ದರಿಂದ ಮೂರೂ ತಾಲೂಕುಗಳ ಶಿಕ್ಷಕರಲ್ಲಿ ನನ್ನ ಕೋರಿಕೆ: ಛಂದಸ್ಸನ್ನು ಪರೀಕ್ಷೆಯ ಪ್ರಸ್ತಾರಕ್ಕೆ ಮುಗಿಸಬೇಡಿ, ತಾಳ ಹಾಕಿ ಹಾಡಿಸಿ ಕಲಿಸಿ. ಸಂಘಟಕರಲ್ಲಿ ಇನ್ನೊಂದು: ಹಳೆಯ ಸನ್ಮಾನಪತ್ರ, ಸ್ಮರಣ ಸಂಚಿಕೆಗಳನ್ನು ಗುಜರಿಗೆ ಹಾಕಬೇಡಿ, ಊರಿನ ಗ್ರಂಥಾಲಯಕ್ಕೆ ಕೊಡಿ.