ಹೊಯ್ಸಳ ರೂವಾರಿಗಳ ಕೂಟ

ಬೇಲೂರಿನ ಶಿಲ್ಪವೈಭವವನ್ನೆಲ್ಲ ಜಕಣಾಚಾರಿಯೊಬ್ಬನ ಕೈಗೆ ಒಪ್ಪಿಸಿಬಿಡುವ ವಾಡಿಕೆಯು ಕನ್ನಡನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಕಪ್ಪೆ ಚೆನ್ನಿಗನ ಕಥೆಯು ರಮ್ಯವಾದುದೇ ಸರಿ. ಆದರೆ ಅದು ಕಥೆಯಾಗಿ ನಿಲ್ಲದೆ ವಿಮರ್ಶೆಯ ಸ್ಥಾನವನ್ನೂ ಆಕ್ರಮಿಸಿದುದರಿಂದ, ಕಲ್ಲಿನ ಮೇಲೆ ತಮ್ಮ ಹೆಸರನ್ನು ತಾವೇ ಕೊರೆದಿಟ್ಟ ಶಿಲ್ಪಿಗಳಿಗೆ ಅನ್ಯಾಯವಾಗಿದೆ.

ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಈ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದುಗಿನ ನಾಗೋಜ ಮೊದಲಾದವರ ಹೆಸರುಗಳು ದೊರೆಯುತ್ತವೆ. ಬಳ್ಳಿಗಾವೆ, ಗದುಗುಗಳು ಆಗ ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಸೇರಿದ್ದ ಊರುಗಳು. ಯಾರ ಅಧೀನತೆಯನ್ನು ಕಳಚಿಕೊಳ್ಳಲು ಹೊಯ್ಸಳನು ಹವಣಿಸುತ್ತಿದ್ದನೋ ಅವರ ನಾಡಿನಿಂದಲೇ ನುರಿತ ಕೈಗಳು ಬಂದುವು! ಬಳ್ಳಿಗಾವೆಯು ಕಾಳಾಮುಖ ಶೈವರ ಹೆಸರಾಂತ ಕೇಂದ್ರ. ಕಟ್ಟಬೇಕಾದುದು ವಿಷ್ಣುವಿನ ಆಲಯ. ಕೆಲಸಗಾರರನ್ನು ಆರಿಸುವಲ್ಲಿ ಇದಾವುದೂ ಅಡ್ಡಿಯಾದಂತೆ ತೋರದು.

ಇಂಥ ಕೂಟವನ್ನು ಸೇರಿಸುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ಸಹಿಗಳೊಡನೆ ಬರುವ ಬಿರುದುಗಳಲ್ಲಿ ಎದುರಾಳಿ ರೂವಾರಿಗಳನ್ನು ಮುರಿಯುವೆನೆಂಬ ಜಂಬವು ಮರೆಯಿಲ್ಲದೆ ಕಾಣುತ್ತದೆ. ಈ ಸ್ಪರ್ಧೆಯನ್ನು ಅಡಗಿಸದೆ ಅದಕ್ಕೊಂದು ಸ್ಥಳವನ್ನು ಗೊತ್ತುಮಾಡಿದುದೇ ಬೇಲೂರಿನ ಜಾಣ್ಮೆ. ತಳಹದಿಯ ನಕ್ಷತ್ರಾಕಾರವೂ ಆನೆಯ ಪಟ್ಟಿಕೆಗಳೂ ಎಲ್ಲರಿಗೂ ಸಮಾನವಾದ ಕಟ್ಟು, ಅದನ್ನು ಮೀರುವಂತಿಲ್ಲ. ಮೇಲೆ ಸೂರಿನಡಿಯ ಮದನಿಕೆಗಳಲ್ಲಿ ಮಾತ್ರ ಒಬ್ಬೊಬ್ಬನಿಗೂ ಸ್ವಾತಂತ್ರ್ಯ. ಹೊರಗಿನ 38, ಒಳಗಿನ 4, ಒಟ್ಟು 42 ವಿಗ್ರಹಗಳಲ್ಲಿ ಕನ್ನಡಿ ಹಿಡಿದವಳ ನಿಲುವು ಬೇಟೆಗಾತಿಗಿಲ್ಲ. ತಲೆಯ ಮೇಲಣ ಎಲೆಬಳ್ಳಿಯ ಕೊರೆತವೂ ಬೇರೆಬೇರೆ. ಒಬ್ಬನೇ ಎಲ್ಲವನ್ನೂ ಕಡೆದಿದ್ದರೆ ಈ ವೈವಿಧ್ಯವು ಲಭಿಸುತ್ತಿತ್ತೆ?

1268ರ ಸೋಮನಾಥಪುರದಲ್ಲಿ ಸ್ಥಿತಿ ಬೇರೆ. ಮಸಣಿತಮ್ಮ, ಚೌಡೆಯ, ನಂಜಯ ಮೊದಲಾದವರಿದ್ದರೂ ಮಲ್ಲಿತಮ್ಮನ ಹೆಸರೇ ಅಲ್ಲಿ ಮೇಲುಗೈ. ಕುಸುರಿಯು ಇನ್ನೂ ಸೂಕ್ಷ್ಮವಾಗಿದೆ, ಒಪ್ಪಬೇಕು. ಆದರೆ ಸಾಲುಗಟ್ಟಿದ ಮೂರ್ತಿಗಳಲ್ಲಿ ಬೇಲೂರಿನ ಬೆರಗು ಇಲ್ಲ. 1196ರ ಅಮೃತಾಪುರದಲ್ಲಿಯೂ ಮಲ್ಲಿತಮ್ಮನ ಹೆಸರಿದೆ. ನಡುವೆ 72 ವರ್ಷ! ಇಬ್ಬರೂ ಒಬ್ಬನೇ ಎನ್ನುವವರು ಅವನ ಆಯುಷ್ಯದ ಲೆಕ್ಕವನ್ನೂ ಕೊಡಬೇಕಾಗುತ್ತದೆ. ಮನೆತನದಲ್ಲಿ ಹೆಸರೂ ಉಳಿಯೂ ಜೊತೆಯಾಗಿ ಇಳಿದುಬಂದುವೆಂದರೆ ಅಸಂಭವವೇನಲ್ಲ.

ಆರ್. ನರಸಿಂಹಾಚಾರ್ಯರು ಸೋಮನಾಥಪುರ, ಬೇಲೂರುಗಳ ಮೇಲೆ 1917, 1919ರಲ್ಲಿ ಹೊರತಂದ ಗ್ರಂಥಗಳ ಅನಂತರವೂ ದಂತಕಥೆಯೇ ಜನರ ಬಾಯಲ್ಲಿ ಉಳಿದಿರುವುದು ವಿಷಾದಕರ. ಸಹಿಗಳಿಗೂ ಒಂದು ಮಿತಿಯುಂಟೆಂಬುದನ್ನು ಮರೆಯಲಾಗದು. ಅವು ವಿಗ್ರಹ ಕಡೆದವರವು. ಬಳಪದ ಕಲ್ಲನ್ನು ಗಣಿಯಿಂದ ಎಬ್ಬಿಸಿದವರು, ಬಂಡಿಯಲ್ಲಿ ಸಾಗಿಸಿದವರು, ತೊಲೆಗಳನ್ನು ಮೇಲಕ್ಕೇರಿಸಿದವರು ಇವುಗಳಲ್ಲಿ ಸೇರಿಲ್ಲ.