ಬಹುರೋಹಿತ ಚಿತ್ರಣ: ಯಂತ್ರ ಕಂಡದ್ದೆಷ್ಟು, ಕಾಣದ್ದೆಷ್ಟು?

ಚರ್ಮದ ಮೇಲಿನ ಮಚ್ಚೆ ನಿರಪಾಯಕಾರಿಯೋ ಅಥವಾ ಮೆಲನೋಮ ಎಂಬ ಮಾರಕ ಕ್ಯಾನ್ಸರೋ ಎಂದು ಬರಿಗಣ್ಣಿನಿಂದ ಹೇಳುವುದು ಅನುಭವಿ ವೈದ್ಯರಿಗೂ ಕಷ್ಟ. ಈ ತೊಡಕಿಗೆ ಪರಿಹಾರವಾಗಿ ಬಂದದ್ದು ಬಹುರೋಹಿತ ಚಿತ್ರಣ. ಸಾಮಾನ್ಯ ಕ್ಯಾಮೆರಾ ಕೆಂಪು, ಹಸಿರು, ನೀಲಿ ಎಂಬ ಮೂರು ಪಟ್ಟಿಗಳಲ್ಲಿ ಬೆಳಕನ್ನು ದಾಖಲಿಸಿದರೆ, ಈ ಉಪಕರಣ ಹಲವು ತರಂಗಾಂತರಗಳಲ್ಲಿ ಪ್ರತ್ಯೇಕ ಚಿತ್ರ ತೆಗೆಯುತ್ತದೆ. ನೀಲಿ ಬೆಳಕು ಚರ್ಮದ ಮೇಲ್ಪದರದಲ್ಲೇ ಹೀರಲ್ಪಡುತ್ತದೆ. ಅವಕೆಂಪು ಕಿರಣಗಳು ಇನ್ನೂ ಆಳಕ್ಕೆ ಇಳಿಯುತ್ತವೆ. ಎಲ್ಲ ಚಿತ್ರಗಳನ್ನು ಹೋಲಿಸಿದಾಗ ಮೆಲನಿನ್ ವರ್ಣಕ ಎಷ್ಟು ಆಳದಲ್ಲಿ, ಹೇಗೆ ಹರಡಿದೆ ಎಂಬ ಸುಳಿವು ಸಿಗುತ್ತದೆ.

ತತ್ತ್ವವೇನೋ ಸರಿ. ಆದರೆ ಅಷ್ಟರಿಂದಲೇ ಉಪಕರಣ ಉಪಯುಕ್ತವಾಗುವುದೇ? ಅಮೆರಿಕದ ‘ಮೆಲಾಫೈಂಡ್’ ಇದಕ್ಕೆ ಒಳ್ಳೆಯ ಪಾಠ. 430ರಿಂದ 950 ನ್ಯಾನೊಮೀಟರ್‌ವರೆಗಿನ 10 ಪಟ್ಟಿಗಳಲ್ಲಿ ಅದು ಚಿತ್ರ ತೆಗೆಯುತ್ತಿತ್ತು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 127 ಮೆಲನೋಮಗಳ ಪೈಕಿ 125ನ್ನು ಅದು ಗುರುತಿಸಿತು. ಸಂವೇದ್ಯತೆ ಶೇ. 98.4! ಪ್ರಚಾರಕ್ಕೆ ಒದಗಿದ್ದು ಈ ಅಂಕಿ.

ಇನ್ನೊಂದು ಅಂಕಿಯನ್ನೂ ನೋಡಬೇಕು. ಮೆಲನೋಮ ಅಲ್ಲದ ಮಚ್ಚೆಯನ್ನು ‘ಅಲ್ಲ’ ಎಂದು ಹೇಳುವ ಸಾಮರ್ಥ್ಯಕ್ಕೆ ನಿರ್ದಿಷ್ಟತೆ ಎನ್ನುತ್ತಾರೆ. ಅದು ಸರಾಸರಿ ಶೇ. 9.9 ಮಾತ್ರ. ಅಂದರೆ ಇಂಥ 100 ಮಚ್ಚೆಗಳಲ್ಲಿ ಸುಮಾರು 90ನ್ನು ಯಂತ್ರ ಶಂಕಿಸಿತು. ಪರೀಕ್ಷೆಗೆ ಕುಳಿತ ಎಲ್ಲರನ್ನೂ ಪಾಸು ಮಾಡುವ ಪರೀಕ್ಷಕನ ಕೈಯಲ್ಲಿ ಜಾಣ ವಿದ್ಯಾರ್ಥಿ ಎಂದೂ ಫೇಲಾಗುವುದಿಲ್ಲ. ಹಾಗೆಂದು ಅವನನ್ನು ಒಳ್ಳೆಯ ಪರೀಕ್ಷಕ ಎನ್ನಲಾದೀತೆ?

ವೈದ್ಯರ ನಿರ್ದಿಷ್ಟತೆ ಶೇ. 3.7, ಯಂತ್ರವೇ ಮೇಲು ಎಂಬ ಸಮರ್ಥನೆಯೂ ಇತ್ತು. ಆದರೆ ಅಧ್ಯಯನಕ್ಕೆ ಆಯ್ದದ್ದು ಬಯಾಪ್ಸಿಗೆಂದು ಆಗಲೇ ಗೊತ್ತುಮಾಡಿದ್ದ ಮಚ್ಚೆಗಳನ್ನು. ವೈದ್ಯರು ನೋಡಿದೊಡನೆ ಸರಿಯಾಗಿ ಕೈಬಿಟ್ಟ ಮಚ್ಚೆಗಳು ಲೆಕ್ಕಕ್ಕೇ ಬರಲಿಲ್ಲ. ಹಾಗಾಗಿ ಈ ಹೋಲಿಕೆ ವೈದ್ಯರಿಗೆ ನ್ಯಾಯ ಒದಗಿಸದು. 2010ರಲ್ಲಿ ತಜ್ಞರ ಸಲಹಾ ಸಮಿತಿಯೂ 8–7 ಮತಗಳಿಂದ ಇಬ್ಭಾಗವಾಗಿತ್ತು. 2011ರಲ್ಲಿ ಒಪ್ಪಿಗೆ ದೊರೆತರೂ, 2017ರ ಹೊತ್ತಿಗೆ ಉಪಕರಣ ಮಾರುಕಟ್ಟೆಯಿಂದ ಮರೆಯಾಯಿತು.

ನಮಗೆ ಇನ್ನೊಂದು ಎಚ್ಚರವೂ ಬೇಕು. ಭಾರತೀಯರಲ್ಲಿ ಮೆಲನೋಮ ವಿರಳ. ಬಂದಾಗ ಅಂಗಾಲಿನಂಥ ಕಡೆ ಕಾಣಿಸುವುದೇ ಹೆಚ್ಚು. ಅಂಗೈ, ಅಂಗಾಲುಗಳ ಮಚ್ಚೆಗೆ ಮೆಲಾಫೈಂಡ್ ಬಳಸಲು ಅನುಮತಿಯೇ ಇರಲಿಲ್ಲ. ಹೊಸ ಉಪಕರಣದ ಸುದ್ದಿ ಓದುವ ವಿದ್ಯಾರ್ಥಿಗಳು ಮೂರು ಪ್ರಶ್ನೆ ಕೇಳುವುದನ್ನು ರೂಢಿಸಿಕೊಳ್ಳಲಿ: ರೋಗವನ್ನು ಎಷ್ಟು ಹಿಡಿಯಿತು? ರೋಗವಿಲ್ಲದವರನ್ನು ಎಷ್ಟು ಬಿಟ್ಟಿತು? ಯಾರ ಮೇಲೆ ಪರೀಕ್ಷಿಸಲಾಯಿತು?