‘ಕರ್ವಾಲೊ’ ಮತ್ತು ನಮ್ಮ ಮಕ್ಕಳ ಪ್ರಶ್ನೆಗಳು

ರಾಜರಾಜೇಶ್ವರಿನಗರದಿಂದ ಮೈಸೂರು ರಸ್ತೆಗೆ ಬರುವವರಿಗೆ ವೃಷಭಾವತಿಯ ಪರಿಚಯವನ್ನು ನಾನು ಮಾಡಿಕೊಡಬೇಕಾಗಿಲ್ಲ. ಕಣ್ಣಿಗಿಂತ ಮೊದಲು ಮೂಗು ಅದನ್ನು ಗುರುತಿಸುತ್ತದೆ. ಕೆಲವು ವರ್ಷಗಳ ಹಿಂದೆ, ಭಾನುವಾರದ ಜ್ಞಾನೋಪದೇಶ ತರಗತಿಯಲ್ಲಿ, ಯೇಸುಸ್ವಾಮಿ ಜೋರ್ಡನ್ ನದಿಯಲ್ಲಿ ಸ್ನಾನದೀಕ್ಷೆ ಪಡೆದ ಪ್ರಸಂಗವನ್ನು ಹೇಳುತ್ತಿದ್ದೆ. ಆರನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, “ಫಾದರ್, ನಮ್ಮ ಹೊಳೆಯಲ್ಲಿ ಅಷ್ಟೊಂದು ನೊರೆ ಏಕೆ ಬರುತ್ತದೆ?” ಎಂದು ಕೇಳಿದ. “ಅದನ್ನು ಶಾಲೆಯಲ್ಲಿ ಕೇಳಪ್ಪ” ಎಂದು ಕೂರಿಸಿದೆ. ಶಾಲೆಯಲ್ಲಿ ವಿಜ್ಞಾನದವರು ಅದು ಈ ವರ್ಷದ ಪೋರ್ಷನ್ನಿನಲ್ಲಿ ಇಲ್ಲವೆಂದರಂತೆ. ಸಮಾಜದವರು, ಅದು ವಿಜ್ಞಾನದ ಪ್ರಶ್ನೆ ಎಂದರಂತೆ. ಅಲ್ಲಿಂದ ಮುಂದೆ ಅವನು ತರಗತಿಯಲ್ಲಿ ಏನನ್ನೂ ಕೇಳಲಿಲ್ಲ. ಅವನ ಬಾಯನ್ನು ಮೊದಲು ಮುಚ್ಚಿಸಿದವನು ನಾನೇ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯನ್ನು ಎರಡನೆಯ ಬಾರಿ ಓದುವಾಗ.

1980ರಲ್ಲಿ ಪ್ರಕಟವಾದ ಈ ಕೃತಿಯನ್ನು ನಾನು ಮೊದಲು ಓದಿದ್ದು ಗುರುಮಠದ ದಿನಗಳಲ್ಲಿ. ಶೀರ್ಷಿಕೆಯಲ್ಲಿ ನಮ್ಮವರ ಹೆಸರಿದೆಯೆಂಬ ಸಣ್ಣ ಹೆಮ್ಮೆಯಿಂದ ಕೈಗೆತ್ತಿಕೊಂಡೆನೆಂದು ಒಪ್ಪಿಕೊಳ್ಳುತ್ತೇನೆ. ಹಾರುವ ಓತಿಯನ್ನು ಅರಸುವ ಸಾಹಸಕಥೆಯೆಂದು ಓದಿ ಮುಗಿಸಿದೆ. ಈಗ ಓದಿದಾಗ ಕಂಡದ್ದೇ ಬೇರೆ.

ಕಥೆ ಆರಂಭವಾಗುವುದು ಮೂಡಿಗೆರೆಯ ಜೇನು ಸೊಸೈಟಿಯಲ್ಲಿ. ಜೇನುತುಪ್ಪ ಕೊಳ್ಳಲು ಬಂದ ಕೃಷಿಕನೇ ನಿರೂಪಕ. ಜೇನಿನಿಂದ ಕೀಟಗಳಿಗೆ, ಕೀಟಗಳಿಂದ ವಿಜ್ಞಾನಿ ಕರ್ವಾಲೊ ಅವರಿಗೆ, ಅಲ್ಲಿಂದ ಹಳ್ಳಿಯ ಹುಡುಗ ಮಂದಣ್ಣನ ಮದುವೆಗೆ, ಅವನ ಮೇಲಿನ ಪೊಲೀಸ್ ಕೇಸಿಗೆ, ಕೊನೆಗೆ ಜೀವವಿಕಾಸದ ಕೋಟ್ಯಂತರ ವರ್ಷಗಳಿಗೆ ಕಥೆ ಹರಿಯುತ್ತದೆ. ಈಗ ವಿಜ್ಞಾನದ ಪಾಠ, ಈಗ ಸಮಾಜದ ಪಾಠ ಎಂದು ಎಲ್ಲಿಯೂ ಗಂಟೆ ಬಾರಿಸುವುದಿಲ್ಲ. ನಿತ್ಯದ ಬದುಕಿನಲ್ಲಿ ಅಂತಹ ಗಂಟೆಯಿಲ್ಲ ಎಂಬುದನ್ನು ತೇಜಸ್ವಿ ವಾದ ಮಾಡಿ ಹೇಳಲಿಲ್ಲ, ಕಥೆಯ ನಡೆಯಲ್ಲಿಯೇ ತೋರಿಸಿದರು. ಕೃಷಿ, ಛಾಯಾಗ್ರಹಣ, ಮೀನುಗಾರಿಕೆ, ಚಿತ್ರಕಲೆ, ಬರವಣಿಗೆ ಇವೆಲ್ಲವನ್ನೂ ಒಂದೇ ಜೀವಮಾನದಲ್ಲಿ ನಡೆಸಿದ ಅವರಿಗೆ (1938–2007) ಅದು ಸಹಜವಾಗಿಯೇ ಒದಗಿರಬೇಕು.

ಈ ಕೃತಿಯ ಜೀವಾಳ ಮಂದಣ್ಣ. ಊರಿನ ಕಣ್ಣಿಗೆ ಅವನೊಬ್ಬ ಪೆದ್ದ. ನಿರೂಪಕನೂ ಮೊದಮೊದಲು ಅವನನ್ನು ಹಗುರವಾಗಿಯೇ ಕಾಣುತ್ತಾನೆ. ಕರ್ವಾಲೊ ಮಾತ್ರ ಅವನಲ್ಲಿ ಹುಟ್ಟು ನಿಸರ್ಗಶಾಸ್ತ್ರಜ್ಞನನ್ನು ಗುರುತಿಸುತ್ತಾರೆ. ದೊಡ್ಡ ವಿದ್ವಾಂಸರೊಬ್ಬರು ಆ ಹುಡುಗನ ಮಾತನ್ನು ನಂಬಿ ಕಾಡಿಗೆ ಹೊರಡುತ್ತಾರೆ, ಏಕೆಂದರೆ ಓತಿಯನ್ನು ಕಂಡವನು ಅವನು. ಜೊತೆಗೆ ಹೊರಡುವವರನ್ನು ನೋಡಿ: ಬಿರಿಯಾನಿ ಕರಿಯಪ್ಪ, ಕ್ಯಾಮೆರಾ ಹಿಡಿದ ಪ್ರಭಾಕರ, ನಿರೂಪಕ, ಅವನ ನಾಯಿ ಕಿವಿ. ಒಬ್ಬೊಬ್ಬರಿಗೂ ಇನ್ನೊಬ್ಬರಿಗೆ ತಿಳಿಯದ ಏನೋ ಒಂದು ತಿಳಿದಿದೆ. ವಿಜ್ಞಾನಿಯೊಬ್ಬರೇ ಹೋಗಿದ್ದರೆ ಅಲ್ಲಿಗೆ ತಲುಪುತ್ತಿರಲಿಲ್ಲ. ಬಟಾಣಿ ಗಿಡಗಳನ್ನು ಬೆಳೆದು, ಎಣಿಸಿ, 1866ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದ ನಮ್ಮ ಗುರು ಗ್ರೆಗರ್ ಮೆಂಡೆಲ್ ನನಗೆ ಇಲ್ಲಿ ನೆನಪಾದರು. ಅವರದೂ ತೋಟದ ಕೆಲಸಕ್ಕೆ ಗಣಿತವನ್ನು ಬೆರೆಸಿದ ಬುದ್ಧಿ.

ಕೃತಿಯಲ್ಲಿ ಕೊರತೆಗಳಿಲ್ಲವೆಂದಲ್ಲ. ಕರ್ವಾಲೊ ಕೆಲವೆಡೆ ದೀರ್ಘವಾಗಿ ಪ್ರವಚನ ಕೊಡುತ್ತಾರೆ. ಪೀಠದ ಮೇಲೆ ನಿಂತು ಮಾತನಾಡುವ ನಮಗೆ ಈ ದೋಷ ಬೇಗ ಗೊತ್ತಾಗುತ್ತದೆ! ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಕಾಡಿಗೆ ಹೊರಟ ತಂಡದಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ. ರಾಮಿ ಬರುವುದು ಮಂದಣ್ಣನ ಮದುವೆಯ ಮಾತಿಗಾಗಿ. ಮನೆಯಲ್ಲಿ ಮಗಳು ಈ ಪುಸ್ತಕವನ್ನು ಓದಿ ಅದೇ ಪ್ರಶ್ನೆ ಕೇಳಿದರೆ, ದಯವಿಟ್ಟು ನನ್ನಂತೆ “ಶಾಲೆಯಲ್ಲಿ ಕೇಳು” ಎನ್ನಬೇಡಿ.

ನಮ್ಮ ಹೊಳೆಯ ನೊರೆಗೆ ಬರೋಣ. ಸೋಪು, ಮಾರ್ಜಕಗಳು ಬೆರೆತ ಕೊಳಚೆ ನೀರು ಎತ್ತರದಿಂದ ಬಿದ್ದು ಕಲಕಿದಾಗ ನೊರೆಯೇಳುತ್ತದೆ, ಇಷ್ಟು ರಸಾಯನಶಾಸ್ತ್ರ. ಆದರೆ ಆ ಸೋಪು ಯಾರ ಬಚ್ಚಲಿನದು? ಬಸವನಗುಡಿಯ ದೊಡ್ಡ ಬಸವನ ಹೆಸರಿನೊಡನೆ ಬೆಸೆದುಕೊಂಡ ಹೊಳೆ ಚರಂಡಿಯಾದದ್ದು ಹೇಗೆ? ಬೈರಮಂಗಲ ಕೆರೆಯ ಕೆಳಗಿನ ರೈತರು ಇದೇ ನೀರಿನಲ್ಲಿ ಏನು ಬೆಳೆಯುತ್ತಾರೆ? ಮುಂದೆ ಇದು ಅರ್ಕಾವತಿಯನ್ನು ಕೂಡಿ ಕಾವೇರಿಯನ್ನು ಸೇರುತ್ತದೆ. ನಲ್ಲಿಯಲ್ಲಿ ಬಂದ ಕಾವೇರಿಯನ್ನು ನಾವು ಈ ರೂಪದಲ್ಲಿ ಕಾವೇರಿಗೇ ಹಿಂದಿರುಗಿಸುತ್ತಿದ್ದೇವೆ. ಆರನೆಯ ತರಗತಿಯ ಒಂದು ಪ್ರಶ್ನೆಯೊಳಗೆ ಇತಿಹಾಸ, ಭೂಗೋಳ, ಕೃಷಿ, ನಮ್ಮ ಪಾಪನಿವೇದನೆ ಎಲ್ಲವೂ ಇದ್ದವು. ವಿಷಯಗಳ ನಡುವಿನ ಗೋಡೆಗಳನ್ನು ತೆಗೆಯುವ ಮಾತು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೂ ಇದೆ. ನೀತಿ ಏನೇ ಇರಲಿ, ಆ ಭಾನುವಾರ ಗೋಡೆ ಕಟ್ಟಿದ್ದು ಸರ್ಕಾರವಲ್ಲ.

ಕಾದಂಬರಿಯ ಕೊನೆಯಲ್ಲಿ ಓತಿ ಸಿಗುವುದಿಲ್ಲ. ಅವರ ಕಣ್ಣೆದುರೇ ಅದು ಪ್ರಪಾತದತ್ತ ತೇಲಿ ಮರೆಯಾಗುತ್ತದೆ. ಇಷ್ಟು ಶ್ರಮಕ್ಕೆ ಫಲವೇನೆಂದು ಮೊದಲ ಓದಿನಲ್ಲಿ ನನಗೆ ನಿರಾಶೆಯಾಗಿತ್ತು. ಈಗ ಆ ಪುಟಗಳೇ ಇಡೀ ಕೃತಿಯ ಅತ್ಯುತ್ತಮ ಭಾಗವೆನಿಸುತ್ತವೆ. ಹುಡುಕಿದವರಲ್ಲಿ ಯಾರೂ ಮೊದಲಿನಂತೆ ಉಳಿಯುವುದಿಲ್ಲ.

ಆ ಹುಡುಗ ಈಗ ಪಿಯುಸಿ ಓದುತ್ತಿದ್ದಾನೆ. ಕಳೆದ ತಿಂಗಳು ಬಲಿಪೂಜೆಯ ನಂತರ ಅವನನ್ನು ಕರೆದು ಹಳೆಯ ಪ್ರಶ್ನೆಯನ್ನು ನೆನಪಿಸಿದೆ. “ನಾನು ಕೇಳಿದ್ದೆನಾ ಫಾದರ್?” ಎಂದ. ಅವನಿಗೆ ಅದು ಮರೆತೇಹೋಗಿತ್ತು. ‘ಕರ್ವಾಲೊ’ವನ್ನು ಅವನ ಕೈಗಿತ್ತೆ. ಪಕ್ಕದಲ್ಲಿದ್ದ ತಾಯಿ, “ಇದು ಸಿಇಟಿಗೆ ಬರುತ್ತಾ ಫಾದರ್?” ಎಂದು ವಿನಯದಿಂದಲೇ ವಿಚಾರಿಸಿದರು. ಬರುವುದಿಲ್ಲ ಅಮ್ಮ ಎಂದೆ. ಪುಸ್ತಕ ಇನ್ನೂ ಹಿಂದಿರುಗಿ ಬಂದಿಲ್ಲ.